ಟ್ರ್ಯಾಲಿ ಮೇಲೆ ಒಯ್ಯುವ ಹಾಯಿದೋಣಿ
(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಠೇವಣಿ, ಗೊಬ್ಬರದ ಲೆಕ್ಕವನ್ನು ಕಾರ್ಯದರ್ಶಿಯವರು ಈಗಾಗಲೇ ಓದಿದ್ದಾರೆ. ನಾವು ಒಂದು ದೋಣಿಯ ಮಾತು ಹೇಳಲು ನಿಂತಿದ್ದೇವೆ.

2005, 2019, 2021. ಈ ಮೂರು ಇಸವಿಯನ್ನು ಹೊಳಿದಂಡಿಯ ಮಂದಿಗೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ. ಸಹ್ಯಾದ್ರಿ ಘಟ್ಟದಾಗ ಮಳಿ ಹಿಡೀತಂದ್ರ ಕೃಷ್ಣಾ, ದೂಧಗಂಗಾ, ವೇದಗಂಗಾ ಕೂಡಿಯೇ ಏರುತ್ತವೆ. 2019ರ ಆಗಸ್ಟ್ ತಿಂಗಳಲ್ಲಿ ನಮ್ಮ ತೋಟದ ಮನಿಯ ಹನ್ನೊಂದು ಮಂದಿ ಎರಡು ರಾತ್ರಿ ಮಾಳಿಗಿ ಮೇಲೆ ಕುಂತಿದ್ದೆವು. ಊರಿಗೆ ದೋಣಿ ಇತ್ತು, ಆದರ ಆಚೆ ದಂಡಿಗೆ ಕಟ್ಟಿತ್ತು. ಈಚೆ ಇದ್ದಿದ್ದರೂ ಅಷ್ಟು ಭಾರದ್ದನ್ನು ತೋಟದ ತನಕ ತರುವವರು ಯಾರು? ಕೊನೆಗೆ ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ನಮ್ಮ ಅವ್ವನನ್ನು ಕೂಡಿಸಿ ದಾಟಿಸಿದೆವು. ಕೊಪ್ಪರಿಗಿ ದುಂಡಗ, ನಿಂತಲ್ಲೇ ತಿರುಗತೈತಿ. ಅವ್ವ ಕಣ್ಣು ಮುಚ್ಚಿಕೊಂಡೇ ಬಂದಳು.

ಆವಾಗಿನಿಂದ ನಮ್ಮ ತಲಿಯಾಗ ಇದೊಂದೇ ಹುಳ. ನೀರು ಎಲ್ಲಿ ಹೊಕ್ಕಿತೋ ಅಲ್ಲಿಗೆ ಟ್ರ್ಯಾಕ್ಟರ್ ಟ್ರ್ಯಾಲಿ ಮೇಲೆ ಒಯ್ದು ಇಳಿಸುವಂಥ ದೋಣಿ ಬೇಕು.

ನಮೂನೆ ಅಂಬಿಗರದೇ. ಸಪಾಟ ತಳ, ಮೇಲೆದ್ದ ಮೂತಿ, ಸಾಗವಾನಿ ಹಲಗಿ, ಒಳಗೆ ಬಾಗಿದ ಜಾಲಿ ಕೊಂಬಿಯ ಪಕ್ಕೆಲಬು. ನಾವು ಟೇಪು ಹಿಡಿದು ಅಳೆದ ಹಳೆಯ ದೋಣಿ 24 ಫೂಟು ಉದ್ದ ಇತ್ತು. ನಮ್ಮ ಬಡಿಗೇರರು ಅದನ್ನೇ 14 ಫೂಟಿಗೆ ಇಳಿಸಿ ನಕ್ಷೆ ತೆಗೆದಿದ್ದಾರೆ. ತಳ 11 ಫೂಟು ಉದ್ದ, 4 ಫೂಟು ಅಗಲ, ಅಂದರ 44 ಚದರ ಫೂಟು. ಅರ್ಧ ಫೂಟು ಮುಳುಗಿದರ 22 ಘನ ಫೂಟು ನೀರು ಸರೀತೈತಿ. ಒಂದು ಘನ ಫೂಟು ನೀರಿನ ತೂಕ ಸುಮಾರು 28 ಕಿಲೋ. ಒಟ್ಟು 600 ಕಿಲೋದ ಮೇಲಾಯಿತು. ದೋಣಿಯದೇ 200 ಕಿಲೋ ಕಳೆದರೂ ಆರು ಮಂದಿ ಧೈರ್ಯದಿಂದ ಕೂಡಬಹುದು. ಎಸ್.ಎಸ್.ಎಲ್.ಸಿ.ಯ ವಿಜ್ಞಾನ ಇಷ್ಟಕ್ಕಾದರೂ ಉಪಯೋಗ ಬಂತು.

ತೊಡಕು ಇರುವುದು ಕಟ್ಟಿಗಿಯಲ್ಲಿ. 2021ಕ್ಕೆ ಮೊದಲು ನಾವೊಂದು ಚಿಕ್ಕ ಹಳೇ ದೋಣಿ ಕೊಂಡು, ಚಂದಾಗಿರಲಿ ಎಂದು ಬ್ಯಾಸಗಿಯೆಲ್ಲ ಶೆಡ್ಡಿನಾಗ ಒಣ ಇಟ್ಟೆವು. ಜುಲೈದಾಗ ನೀರಿಗೆ ಬಿಟ್ಟರ ಅರ್ಧ ತಾಸಿನಾಗ ಒಳಗೆ ಮೊಳಕಾಲು ನೀರು! ಹಲಗಿ ಒಣಗಿ ಸಂದಿ ಬಾಯಿ ಬಿಟ್ಟಿದ್ದವು. ಅಂಬಿಗರು ಬ್ಯಾಸಗಿಯಾಗ ದೋಣಿಯನ್ನು ನೀರಿನಲ್ಲೇ ಮುಳುಗಿಸಿ ಇಡುತ್ತಿದ್ದುದನ್ನು ನೋಡಿ ನಾವು ಸಣ್ಣವರಿದ್ದಾಗ ನಗುತ್ತಿದ್ದೆವು. ಹಲಗಿ ಉಬ್ಬಿ ಸಂದಿ ಮುಚ್ಚಿಕೊಂಡಿರಲೆಂದು ಅವರು ಹಾಗೆ ಮಾಡುತ್ತಿದ್ದರು. ಟ್ರ್ಯಾಲಿ ದೋಣಿ ವರ್ಷದಾಗ ಹತ್ತು ತಿಂಗಳು ಗೋದಾಮಿನಾಗ ಇರುವಂಥದ್ದು. ಆದ್ದರಿಂದ ಹಲಗಿಯ ಬದಲು ಐ.ಎಸ್. 710 ಗುರುತಿನ ಮರೈನ್ ಪ್ಲೈವುಡ್ಡು. ಅಂಚುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಯ ಮೇಲೆ ಗ್ಲಾಸಿನ ಬಟ್ಟಿ, ಇಪಾಕ್ಸಿ ಬಳಿಯುವುದು. ಜಾಲಿಯ ಪಕ್ಕೆಲಬು ಮಾತ್ರ ಇರಲಿ ಎಂದು ಬಡಿಗೇರರ ಹಟ, ನಾವೂ ಒಪ್ಪಿದೆವು.

ಇನ್ನು ಹಾಯಿ. ಪೆಟ್ರೋಲು ತೀರಿದರ ಮೋಟಾರು ಬರೀ ಭಾರ, ಗಾಳಿಗೆ ರೊಕ್ಕಿಲ್ಲ ಎನ್ನುತ್ತಾರೆ ನಮ್ಮ ಹುಡುಗರು. ಖರೆ. ಆದರ ಆಷಾಢ ಶ್ರಾವಣದಾಗ ಗಾಳಿ ಪಡುವಣದಿಂದ, ಹೊಳಿಯೂ ಮೂಡಣಕ್ಕೇ ಹರಿಯುವುದು. ಎರಡೂ ಕೂಡಿ ಕೆಳಗೆ ನೂಕಿದರ ಸಪಾಟ ತಳದ ದೋಣಿ ತಿರುಗಿ ಬರುವುದಿಲ್ಲ. ಆದ್ದರಿಂದ ಹೊಳಿಯ ಸೆಳವಿನಾಗ ಹಾಯಿ ಬಿಚ್ಚಕೂಡದು. ಹೊಲದಾಗ ನಿಂತ ನೀರಿನಲ್ಲಿ ದಕ್ಷಿಣ ಉತ್ತರ ದಾಟಲು ಮಾತ್ರ ಅದು ಒದಗುತ್ತದೆ. ಅಲ್ಲಿಯೂ ದೋಣಿ ಓರೆ ಜಾರದಂತೆ ಪಕ್ಕಕ್ಕೊಂದು ಹಲಗಿ ಇಳಿಬಿಡಬೇಕು. ಆ ಹಲಗಿ ಎತ್ತಲು ಬರಬೇಕು, ಕೆಳಗೆ ಕಬ್ಬು, ಮುಳ್ಳುತಂತಿ, ಪಂಪಸೆಟ್ಟಿನ ಪೈಪು ಇರುತ್ತವೆ.

ಹಾಯಿಗಂಬದ ವಿಷಯ ದಯಮಾಡಿ ಲಕ್ಷ್ಯಗೊಟ್ಟು ಕೇಳಿರಿ. ನೀರು ಏರಿದಷ್ಟೂ ಕರೆಂಟಿನ ತಂತಿ ತಲಿಗೆ ಹತ್ತಿರ ಬರುತ್ತದೆ. ಲೈನು ಬಂದ್ ಆಗಿದೆ ಎಂದು ಯಾರು ಹೇಳಿದರೂ ನಂಬಬಾರದು. ಗಂಬ ಒಣ ಬಿದಿರಿನದು, ಬುಡಕ್ಕೆ ಬಿಜಾಗರಿ. ತಂತಿ ಕಂಡೊಡನೆ ಮಲಗಿಸಬೇಕು. ಹಸಿ ಬಿದಿರಿಗೂ ಕರೆಂಟು ಹರಿಯುತ್ತದೆ, ಬಿದಿರಾಯಿತೆಂದು ತಂತಿ ಕೆಳಗೆ ನಿಲ್ಲಿಸಿಕೊಂಡು ಹೋಗುವಂತಿಲ್ಲ. ಹುಡುಗರು ಇದಕ್ಕೆ ಒಪ್ಪದಿದ್ದರ ಹಾಯಿಯೇ ಬೇಡ, ಹುಟ್ಟು ಸಾಕು ಎಂಬುದು ನಮ್ಮ ಅಭಿಪ್ರಾಯ.

ಅಂದಾಜು ಪತ್ರಿಕೆ, ನಕ್ಷೆ ಎರಡೂ ಸಂಘದ ಕಚೇರಿಯಲ್ಲಿವೆ. ಹೊಳಿ ಬಲ್ಲ ಹಿರಿಯರು ಬಂದು ನೋಡಿ ತಪ್ಪಿದ್ದಲ್ಲಿ ಗೀಟು ಹಾಕಿರಿ. ಸಾಮಾನ್ಯ ಸಭೆ ಮಂಜೂರಿ ಕೊಟ್ಟರ ಯುಗಾದಿಗೆ ಕೆಲಸ ಹಿಡಿದು ಕಾರಹುಣ್ಣಿವಿಯೊಳಗೆ ಮುಗಿಸುತ್ತೇವೆಂದು ಬಡಿಗೇರರು ಮಾತು ಕೊಟ್ಟಿದ್ದಾರೆ.