ಲೆಕ್ಕಕ್ಕೆ ಮೊದಲು ವಾಕ್ಯ ಓದಿ



ಉರ್ದು, ಕನ್ನಡ ಕಲಿಸುವ ನಾನು ಭೌತಶಾಸ್ತ್ರದ ಬಗ್ಗೆ ಮಾತನಾಡುವುದು ನಿಮಗೆ ಆಶ್ಚರ್ಯವೆನಿಸಬಹುದು. ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದ್ವಿತೀಯ ಪಿಯುಸಿಯಲ್ಲಿದ್ದಾಗ ಬಂದು, "ಸರ್, ಸೂತ್ರ ಬಾಯಿಪಾಠ ಇದೆ. ಪೋಲರಾಯ್ಡ್ ಲೆಕ್ಕ ಮಾತ್ರ ಪ್ರತಿಸಲ ತಪ್ಪುತ್ತದೆ. ಸೈನ್ಸ್ ಬಿಟ್ಟುಬಿಡುತ್ತೇನೆ" ಎಂದಳು. ವಿಜ್ಞಾನ ಶಿಕ್ಷಕರೊಬ್ಬರನ್ನು ಕೂರಿಸಿಕೊಂಡು ಅವಳ ನೋಟ್ ಪುಸ್ತಕ ನೋಡಿದೆ. ಗುಣಾಕಾರ ಸರಿಯಿತ್ತು. ತಪ್ಪಿದ್ದುದು ಪ್ರಶ್ನೆಯನ್ನು ಓದಿದ ರೀತಿಯಲ್ಲಿ.

ಪ್ರಶ್ನೆ ಇದು: 80 ಮಾನ ತೀವ್ರತೆಯ ಧ್ರುವೀಕರಣಗೊಳ್ಳದ ಬೆಳಕು ಎರಡು ಪೋಲರಾಯ್ಡ್‌ಗಳನ್ನು ದಾಟುತ್ತದೆ. ಅವುಗಳ ಅಕ್ಷಗಳ ನಡುವಿನ ಕೋನ 30 ಡಿಗ್ರಿ. ಹೊರಬರುವ ತೀವ್ರತೆ ಎಷ್ಟು?

ಅವಳು 60 ಎಂದು ಬರೆದಿದ್ದಳು. 'ಧ್ರುವೀಕರಣಗೊಳ್ಳದ' ಎಂಬ ಪದವನ್ನು ದಾಟಿ ಹೋಗಿದ್ದಳು. ಸೂರ್ಯನ ಅಥವಾ ಬಲ್ಬಿನ ಬೆಳಕು, ತಾನು ಸಾಗುವ ದಾರಿಗೆ ಅಡ್ಡಲಾಗಿ ಎಲ್ಲ ದಿಕ್ಕುಗಳಲ್ಲೂ ಕಂಪಿಸುತ್ತದೆ. ಮೊದಲ ಪೋಲರಾಯ್ಡ್ ತನ್ನ ಅಕ್ಷದ ದಿಕ್ಕಿನ ಕಂಪನವನ್ನಷ್ಟೇ ಬಿಡುತ್ತದೆ. ಅದನ್ನು ಹೇಗೆ ತಿರುಗಿಸಿದರೂ ಹೊರಬರುವುದು ಅರ್ಧವೇ, ಅಂದರೆ 40.

ಎರಡನೆಯದನ್ನು ತಲುಪುವ ಬೆಳಕಿಗೆ ಈಗ ಒಂದೇ ದಿಕ್ಕು. ಕೋನದ ಲೆಕ್ಕ ಇಲ್ಲಿಂದ ಆರಂಭ. ಹೊಸ ಅಕ್ಷದ ದಿಕ್ಕಿನಲ್ಲಿ ಉಳಿಯುವ ಕಂಪನ ಕೊಸೈನ್‌ನಷ್ಟು. ತೀವ್ರತೆ ಕಂಪನದ ವರ್ಗಕ್ಕೆ ಅನುಗುಣ. ಆದ್ದರಿಂದ ಕೊಸೈನ್ ವರ್ಗದಿಂದ ಗುಣಿಸಬೇಕು. 30 ಡಿಗ್ರಿಗೆ ಅದು ಮುಕ್ಕಾಲು. 40ರ ಮುಕ್ಕಾಲು 30. ಇದೇ ಉತ್ತರ. ಇದು ಮಾಲಸ್ ನಿಯಮ. ಫ್ರಾನ್ಸಿನ ಮಾಲಸ್ 1808ರಲ್ಲಿ ಪ್ಯಾರಿಸ್‌ನಲ್ಲಿ, ಕಿಟಕಿ ಗಾಜಿನಿಂದ ಪ್ರತಿಫಲಿಸಿದ ಸಂಜೆ ಬಿಸಿಲನ್ನು ಹರಳಿನ ಮೂಲಕ ನೋಡುತ್ತ ಈ ದಾರಿ ಹಿಡಿದರು.

ಇನ್ನೊಂದು ಸೋಜಿಗ ಕೇಳಿ. ಎರಡು ಪೋಲರಾಯ್ಡ್‌ಗಳನ್ನು 90 ಡಿಗ್ರಿಯಲ್ಲಿ ಇಟ್ಟರೆ ಕತ್ತಲೆ. ಅವುಗಳ ನಡುವೆ 45 ಡಿಗ್ರಿಯಲ್ಲಿ ಮೂರನೆಯದನ್ನು ಸೇರಿಸಿದರೆ ಬೆಳಕು ಬರುತ್ತದೆ! ತಡೆ ಹೆಚ್ಚಿದಾಗ ಬೆಳಕು ಹೇಗೆ ಹೆಚ್ಚಿತು? ನಡುವಿನದು ಕಂಪನದ ದಿಕ್ಕನ್ನೇ ಬದಲಿಸಿತು. 80ರಲ್ಲಿ 40, ಅದರಲ್ಲಿ ಅರ್ಧ 20, ಮತ್ತೆ ಅರ್ಧ 10. ಕೊನೆಯ ಕೋನವನ್ನು ಮೊದಲನೆಯದರಿಂದ ಅಳೆದರೆ ಸೊನ್ನೆ ಬರುತ್ತದೆ, ಲೆಕ್ಕ ಕೆಡುತ್ತದೆ. ಪ್ರತಿ ಕೋನವನ್ನೂ ಅದರ ಹಿಂದಿನದರಿಂದಲೇ ಅಳೆಯಿರಿ.

ಮನೆಯಲ್ಲೇ ನೋಡಬಹುದು. ಪೋಲರಾಯ್ಡ್ ತಂಪು ಕನ್ನಡಕವನ್ನು ಕ್ಯಾಲ್ಕುಲೇಟರ್ ಪರದೆಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಅಂಕಿಗಳು ಕತ್ತಲಲ್ಲಿ ಮರೆಯಾಗಿ ಮತ್ತೆ ಕಾಣುತ್ತವೆ.

ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನುಲ್ ಹೈಥಮ್ 11ನೇ ಶತಮಾನದಲ್ಲೇ ಬೆಳಕಿನ ಬಗ್ಗೆ 'ಕಿತಾಬುಲ್ ಮನಾಝಿರ್' ಬರೆದರು. ಅವರ ಹೆಸರನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅವರು ಹಿಂದಿನವರ ಮಾತನ್ನು ಪ್ರಯೋಗಕ್ಕೆ ಒಡ್ಡಿ ನೋಡಿದವರು. ನಾವು ಸೂತ್ರವನ್ನು ಬರೀ ಬಾಯಿಪಾಠ ಮಾಡಿದರೆ ಆ ಹೆಮ್ಮೆಗೆ ಅರ್ಥವೇನು?

ಆ ಹುಡುಗಿ ಸೈನ್ಸ್ ಬಿಡಲಿಲ್ಲ. ನೀವೂ ಬಿಡಬೇಡಿ. ಉತ್ತರ ತಪ್ಪಿದರೆ 'ನನಗೆ ಬುದ್ಧಿಯಿಲ್ಲ' ಎನ್ನುವ ಮೊದಲು ಪ್ರಶ್ನೆಯನ್ನು ಇನ್ನೊಮ್ಮೆ, ಪದ ಬಿಡದೆ ಓದಿ. ಅಲ್ಲಾಹನು ನಮ್ಮೆಲ್ಲರಿಗೂ ಉಪಯುಕ್ತ ಜ್ಞಾನ ಕರುಣಿಸಲಿ.