ಮನೆತನದ ಫೋಟೋಗಳಿಗೆ ಹೆಸರು ಬರೆದಿಡೋಣ

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ನಡೆದ ಪಾಲಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಇಂದು ಮಾತನಾಡಲು ಆರಿಸಿಕೊಂಡ ವಿಷಯ ಮೇಲ್ನೋಟಕ್ಕೆ ಚಿಕ್ಕದಾಗಿ ಕಾಣಬಹುದು. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಇರುವ ಮನೆಯ ಫೋಟೋಗಳನ್ನು ಅಚ್ಚುಕಟ್ಟಾಗಿ ಜೋಡಿಸಿ, ಪ್ರತಿಯೊಂದಕ್ಕೂ ಸರಿಯಾದ ಹೆಸರು ಕೊಡುವುದು ಹೇಗೆ ಎಂಬುದೇ ಆ ವಿಷಯ. ನಮ್ಮ ಸಮಾಜದಲ್ಲಿ ಶಜರಾ ಎಂಬ ಮಾತು ಹೊಸದಲ್ಲ. ವಂಶದ ಪಟ್ಟಿಯನ್ನು ಮರದ ಚಿತ್ರದಂತೆ ಬರೆದು ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದ ಮನೆತನಗಳು ಇಂದಿಗೂ ಇವೆ. ಆ ಶಜರಾದಲ್ಲಿ ಹೆಸರಿದೆ, ಮುಖವಿಲ್ಲ. ನಮ್ಮ ಮೊಬೈಲಿನಲ್ಲಿ ಸಾವಿರಾರು ಮುಖಗಳಿವೆ, ಹೆಸರಿಲ್ಲ. ಇವೆರಡನ್ನೂ ಒಂದುಗೂಡಿಸುವ ಕೆಲಸ ನಮ್ಮ ತಲೆಮಾರಿನ ಮೇಲಿದೆ.

ಈ ಕೆಲಸಕ್ಕೆ ಅವಸರವೇಕೆ ಎಂದು ತಾವು ಕೇಳಬಹುದು. ಫೋಟೋ ಹಾಳಾಗುವುದಕ್ಕಿಂತ ಮೊದಲು ಅದರಲ್ಲಿರುವವರನ್ನು ಗುರುತಿಸುವವರು ತೀರಿಕೊಳ್ಳುತ್ತಾರೆ. ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ನಾನಿ ಇದ್ದರೆ, ಹಳೆಯ ಮದುವೆ ಫೋಟೋದಲ್ಲಿ ಕುಳಿತ ಮೂವತ್ತು ಜನರ ಪೈಕಿ ಇಪ್ಪತ್ತು ಜನರ ಹೆಸರು ಅವರೊಬ್ಬರಿಗೇ ಗೊತ್ತಿರುತ್ತದೆ. ಅವರು ಹೋದ ಮರುದಿನ ಫೋಟೋ ಹಾಗೆಯೇ ಇರುತ್ತದೆ, ಆದರೆ ಅದರಲ್ಲಿರುವವರು ನಮಗೆ ಅಪರಿಚಿತರಾಗಿಬಿಡುತ್ತಾರೆ.

ಯಂತ್ರ ಕೊಡುವ ಹೆಸರು

ಕ್ಯಾಮೆರಾ ಫೋಟೋಗೆ ಕ್ರಮಸಂಖ್ಯೆ ಕೊಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋದ ಹೆಸರು ‘ಐಎಂಜಿ-20240411-ಡಬ್ಲ್ಯೂಎ0007’ ಎಂಬ ರೀತಿಯಲ್ಲಿರುತ್ತದೆ. ಇದನ್ನು ನೋಡಿದವರು 2024ರ ಏಪ್ರಿಲ್ 11ರ ಫೋಟೋ ಎಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಮೊಬೈಲಿಗೆ ಬಂದು ಸೇರಿದ ದಿನ. ಫೋಟೋ 1970ರದ್ದೂ ಇರಬಹುದು. ಹಾಗೆಯೇ ಹಳೆಯ ಫೋಟೋವನ್ನು ಸ್ಕ್ಯಾನ್ ಮಾಡಿದರೆ ಕಂಪ್ಯೂಟರು ತೋರಿಸುವುದು ಸ್ಕ್ಯಾನ್ ಮಾಡಿದ ದಿನಾಂಕವನ್ನು. ಆದ್ದರಿಂದ ಯಂತ್ರದ ದಿನಾಂಕವನ್ನು ನಂಬಿ ವಂಶಾವಳಿ ಬರೆಯಬಾರದು.

ಇನ್ನೊಂದು ಮಾತು. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಫೋಟೋದ ಒಳಗೆ ತೆಗೆದ ದಿನ, ವೇಳೆ ಮುಂತಾದ ವಿವರಗಳು ಅಡಗಿರುತ್ತವೆ. ಇದಕ್ಕೆ ಎಕ್ಸಿಫ್ ಎನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳುಹಿಸಿದರೆ ಈ ವಿವರಗಳು ಅಳಿದುಹೋಗುತ್ತವೆ, ಫೋಟೋದ ಗುಣಮಟ್ಟವೂ ಇಳಿಯುತ್ತದೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಿದರೆ ಮೂಲ ಫೈಲ್ ಇದ್ದ ಹಾಗೆಯೇ ತಲುಪುತ್ತದೆ. ದೂರದೂರಿನ ಬಂಧುಗಳಿಂದ ಹಳೆಯ ಫೋಟೋ ತರಿಸುವಾಗ ಈ ಒಂದು ಸೂಚನೆ ಕೊಡುವುದನ್ನು ಮರೆಯಬೇಡಿ.

ಫೈಲಿಗೆ ಹೆಸರಿಡುವ ಕ್ರಮ

ನಾನು ಸೂಚಿಸುವ ಕ್ರಮ ಸರಳವಾದದ್ದು. ಮೊದಲು ಇಸವಿ, ತಿಂಗಳು, ದಿನ, ಅನಂತರ ಸಂದರ್ಭ, ಅನಂತರ ಊರು, ಕೊನೆಗೆ ವ್ಯಕ್ತಿಗಳ ಹೆಸರು. ಉದಾಹರಣೆಗೆ: ‘1968-05-12_ನಿಕಾಹ್_ಸವಣೂರು_ಫಾತಿಮಾಬಿ-ಅಬ್ದುಲ್‌ಖಾದರ್’. ಇಸವಿ ಮೊದಲು ಬಂದರೆ ಕಂಪ್ಯೂಟರು ತಾನಾಗಿಯೇ ಎಲ್ಲ ಫೋಟೋಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ನಾವು ರೂಢಿಯಲ್ಲಿ ಬರೆಯುವಂತೆ ದಿನವನ್ನು ಮೊದಲು ಹಾಕಿದರೆ 1968ರ ಫೋಟೋ ಮತ್ತು 2008ರ ಫೋಟೋ ಬೆರೆತುಹೋಗುತ್ತವೆ.

ದಿನಾಂಕದ ನಡುವೆ ಓರೆಗೆರೆ ಹಾಕಲು ವಿಂಡೋಸ್ ಕಂಪ್ಯೂಟರು ಒಪ್ಪುವುದಿಲ್ಲ. ಚಿಕ್ಕ ಅಡ್ಡಗೆರೆ ಹಾಕಬೇಕು. ಪ್ರಶ್ನಾರ್ಥಕ ಚಿಹ್ನೆಯನ್ನೂ ಅದು ಒಪ್ಪುವುದಿಲ್ಲ. ಆದ್ದರಿಂದ ಇಸವಿ ಖಚಿತವಿಲ್ಲದಿದ್ದರೆ ‘1965-ಸುಮಾರು’ ಎಂದು ಬರೆಯಿರಿ. ಅಂಕಿಗಳನ್ನು ಒಂದು ಫೈಲಿನಲ್ಲಿ ಕನ್ನಡದಲ್ಲಿ, ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಹುಡುಕುವಾಗ ಒಂದು ಸಿಕ್ಕಿ ಇನ್ನೊಂದು ಸಿಗದೇ ಹೋಗಬಹುದು. ಯಾವುದಾದರೂ ಒಂದನ್ನೇ ಪಾಲಿಸಿ.

ಕನ್ನಡ, ಉರ್ದು ಎರಡನ್ನೂ ಬಲ್ಲ ಮನೆಗಳಿಗೆ ಒಂದು ವಿಶೇಷ ಸೂಚನೆ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ, ಅಂಕಿಗಳು ಎಡದಿಂದ ಬಲಕ್ಕೆ ಹೋಗುತ್ತವೆ. ಒಂದೇ ಫೈಲಿನ ಹೆಸರಿನಲ್ಲಿ ಎರಡನ್ನೂ ಸೇರಿಸಿದರೆ ಪರದೆಯ ಮೇಲೆ ಪದಗಳು ಹಿಂದುಮುಂದಾಗಿ ಕಾಣುತ್ತವೆ. ಆದ್ದರಿಂದ ಫೈಲಿನ ಹೆಸರು ಒಂದೇ ಲಿಪಿಯಲ್ಲಿರಲಿ, ಉರ್ದು ವಿವರಣೆ ಒಳಗಿರಲಿ. ವಿಂಡೋಸ್‌ನಲ್ಲಿ ಫೋಟೋದ ‘ಪ್ರಾಪರ್ಟೀಸ್’ ತೆರೆದು ‘ಡೀಟೇಲ್ಸ್’ ಎಂಬಲ್ಲಿ ಶೀರ್ಷಿಕೆ ಮತ್ತು ಟಿಪ್ಪಣಿ ಬರೆಯಲು ಜಾಗವಿದೆ. ಬರೆಯುವಾಗ ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡ ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ದಾದಿ ಎಂದು ಬರೆಯಬೇಡಿ

ಆಲ್ಬಮ್ಮುಗಳಲ್ಲಿ ‘ದಾದಿ’, ‘ಬಡೇ ಅಬ್ಬಾ’, ‘ಹುಬ್ಬಳ್ಳಿ ಖಾಲಾ’ ಎಂದು ಬರೆದಿರುವುದನ್ನು ಕಾಣುತ್ತೇವೆ. ಬರೆದವರಿಗೆ ಅದು ಸ್ಪಷ್ಟ. ಆದರೆ ನನ್ನ ದಾದಿ ನನ್ನ ಮಗಳಿಗೆ ದಾದಿಯಲ್ಲ. ನನ್ನ ಖಾಲಾಳ ಮಕ್ಕಳಿಗೆ ಆಕೆ ಬೇರೆ ಮನೆಯವರು. ಸಂಬಂಧವಾಚಕ ಪದ ಹೇಳುವವರನ್ನು ಅವಲಂಬಿಸಿರುತ್ತದೆ. ಹೇಳುವವರು ಬದಲಾದರೆ ಅರ್ಥವೂ ಬದಲಾಗುತ್ತದೆ. ಆದ್ದರಿಂದ ಫೈಲಿನಲ್ಲಿ ವ್ಯಕ್ತಿಯ ಸ್ವಂತ ಹೆಸರು ಇರಲೇಬೇಕು.

ಸ್ವಂತ ಹೆಸರೊಂದೇ ಸಾಲದು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆ ಇದೆ. ಒಂದೇ ಮನೆತನದಲ್ಲಿ ಮೂವರು ಅಬ್ದುಲ್ ಖಾದರ್ ಇರುವುದು ಅಪರೂಪವಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಮಕ್ಕಳಿದ್ದರೆ ನಾವು ತಂದೆಯ ಹೆಸರು ಸೇರಿಸಿ ಬರೆಯುತ್ತೇವೆ. ಇಲ್ಲಿಯೂ ಅದನ್ನೇ ಮಾಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ಮನೆತನದ ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ಎದುರಿಗೆ ತಂದೆ, ತಾಯಿ, ಹುಟ್ಟಿದ ಇಸವಿ, ಮನೆಯಲ್ಲಿ ಕರೆಯುವ ಹೆಸರು ಬರೆದಿಟ್ಟರೆ, ಫೈಲಿನಲ್ಲಿ ಹೆಸರಿನ ಜೊತೆ ಆ ಸಂಖ್ಯೆ ಹಾಕಿದರೆ ಸಾಕು.

ಹೆಣ್ಣುಮಕ್ಕಳ ಹೆಸರು

ಇಲ್ಲಿ ನಾನು ಹೆಚ್ಚು ಒತ್ತು ಕೊಟ್ಟು ಹೇಳಬೇಕಾದ ಮಾತೊಂದಿದೆ. ಹಳೆಯ ಶಜರಾಗಳಲ್ಲಿ ಸಾಮಾನ್ಯವಾಗಿ ಗಂಡಸರ ಹೆಸರುಗಳೇ ಇರುತ್ತವೆ. ಫೋಟೋಗಳ ಹಿಂದೆಯೂ ‘ಇಂಥ ಸಾಹೇಬರು ಮತ್ತು ಪತ್ನಿ’ ಎಂದೇ ಬರೆದಿರುತ್ತದೆ. ಮಕ್ಕಳಾದ ಮೇಲೆ ತಾಯಿಯನ್ನು ಹಿರಿಯ ಮಗನ ಹೆಸರು ಹಿಡಿದು ‘ಇಂಥವನ ಅಮ್ಮಿ’ ಎಂದು ಕರೆಯುತ್ತಾರೆ. ಹೀಗೆ ಎರಡು ತಲೆಮಾರು ಕಳೆದರೆ ಆಕೆಗೊಂದು ಹೆಸರಿತ್ತು ಎಂಬುದೇ ಮರೆತುಹೋಗುತ್ತದೆ.

ಇದು ನಮ್ಮ ಪರಂಪರೆಗೆ ಹೊಂದುವಂಥದ್ದಲ್ಲ. ಇಸ್ಲಾಮಿನಲ್ಲಿ ಮದುವೆಯಾದ ಹೆಣ್ಣು ತನ್ನ ತಂದೆಯ ಹೆಸರನ್ನು ಬಿಡಬೇಕಾಗಿಲ್ಲ. ಹಜರತ್ ಆಯಿಷಾರನ್ನು ಇತಿಹಾಸ ಇಂದಿಗೂ ಆಯಿಷಾ ಬಿಂತ್ ಅಬೂಬಕರ್ ಎಂದೇ ಗುರುತಿಸುತ್ತದೆ. ಅದೇ ಮಾದರಿಯಲ್ಲಿ ಹೆಣ್ಣಿನ ಹೆಸರು, ಆಕೆಯ ತಂದೆಯ ಹೆಸರು ಎರಡನ್ನೂ ಬರೆಯೋಣ.

ಇದು ಕೇವಲ ಗೌರವದ ಪ್ರಶ್ನೆಯಲ್ಲ. ಕುರ್‌ಆನಿನ ಸೂರಾ ನಿಸಾ ಹೆಣ್ಣುಮಕ್ಕಳಿಗೆ, ತಾಯಿಗೆ, ಹೆಂಡತಿಗೆ, ಸಹೋದರಿಗೆ ಆಸ್ತಿಯಲ್ಲಿ ಪಾಲು ನಿಗದಿ ಮಾಡಿದೆ. ವಾರಸುದಾರರ ಪೂರ್ಣ ಪಟ್ಟಿ ಇಲ್ಲದೆ ಆ ಲೆಕ್ಕ ಹಾಕಲು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಜಮೀನಿನ ಒಡೆಯರು ತೀರಿಕೊಂಡಾಗ ಪೌತಿ ಖಾತೆಗೆ ಹೋದರೆ ವಂಶವೃಕ್ಷ ಕೇಳುತ್ತಾರೆ. ಆಗ ನೆನಪಿನಿಂದ ಬರೆಯುವ ವಂಶವೃಕ್ಷದಲ್ಲಿ ಬೇರೆ ಊರಿಗೆ ಮದುವೆಯಾಗಿ ಹೋದ ಸೋದರತ್ತೆಯ ಹೆಸರು ಬಿಟ್ಟುಹೋಗುವ ಸಂಭವ ಹೆಚ್ಚು. ಫೋಟೋ ತಾನೇ ಕಾನೂನಿನ ದಾಖಲೆಯಾಗದು, ನಿಜ. ಆದರೆ ಹೆಸರು ಬರೆದ ಫೋಟೋ ‘ಇವರೂ ಈ ಮನೆಯ ಮಗಳು’ ಎಂದು ನೆನಪಿಸುತ್ತದೆ, ದಾಖಲೆಗಳನ್ನು ಎಲ್ಲಿ ಹುಡುಕಬೇಕೆಂಬ ದಾರಿ ತೋರಿಸುತ್ತದೆ.

ಕಾಲ ಮತ್ತು ಊರು ಗುರುತಿಸುವುದು

ಹಳೆಯ ನಿಕಾಹ್‌ನಾಮಾಗಳಲ್ಲಿ ಹಿಜರಿ ತಾರೀಖು ಇರುತ್ತದೆ. ಹಿಜರಿ ವರ್ಷ ಸೂರ್ಯಮಾನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು; ಹಿಜರಿ 1400ನೇ ವರ್ಷ 1979ರ ನವೆಂಬರಿನಲ್ಲಿ ಆರಂಭವಾಗಿ 1980ರ ನವೆಂಬರಿನಲ್ಲಿ ಮುಗಿಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಭಾಗದ ಕಾಗದಪತ್ರಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಇಸವಿ ಸಿಗುತ್ತದೆ. 1350 ಫಸಲಿ ಎಂದರೆ 1940-41. ಮೂಲ ತಾರೀಖು, ಇಸವಿ ಎರಡನ್ನೂ ಟಿಪ್ಪಣಿಯಲ್ಲಿ ಬರೆಯಿರಿ.

ಕೆಲವು ಫೋಟೋಗಳು ತಮ್ಮ ಕಾಲವನ್ನು ತಾವೇ ಹೇಳುತ್ತವೆ. ಮುಂಬೈಯಿಂದ ಹಡಗಿನಲ್ಲಿ ಹಜ್‌ಗೆ ಹೋಗುವ ವ್ಯವಸ್ಥೆ 1995ರಲ್ಲಿ ನಿಂತಿತು. ಆದ್ದರಿಂದ ಹಜ್‌ಗೆ ಹೊರಟವರು ಬಂದರಿನಲ್ಲಿ ಹಡಗಿನ ಮುಂದೆ ನಿಂತು ತೆಗೆಸಿದ ಫೋಟೋ ಅದಕ್ಕಿಂತ ಈಚಿನದಾಗಿರಲಾರದು. ಊರಿನ ವಿಷಯದಲ್ಲಿಯೂ ಎಚ್ಚರ ಬೇಕು. ಹಾವೇರಿ, ಗದಗ ಜಿಲ್ಲೆಗಳು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾದವು. ಬಾಗಲಕೋಟೆ ಅದೇ ವರ್ಷ ಬಿಜಾಪುರದಿಂದ ಬೇರೆಯಾಯಿತು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು. ಫೋಟೋದ ಹಿಂದೆ ಇರುವ ಹಳೆಯ ಹೆಸರನ್ನು ಅಳಿಸದೆ ಹೊಸ ಹೆಸರನ್ನು ಪಕ್ಕದಲ್ಲಿ ಸೇರಿಸಿ.

ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ, ಕೈಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಅದೇ ಹೆಸರಿಗೆ ‘ಹಿಂಬದಿ’ ಎಂದು ಸೇರಿಸಿ ಇಡಿ. ಚಿಕ್ಕ ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುವುದು ಒಳ್ಳೆಯದು. ಅಂಟು ಆಲ್ಬಮ್ಮಿನಲ್ಲಿ ಗಟ್ಟಿಯಾಗಿ ಕೂತ ಫೋಟೋವನ್ನು ಕೀಳಲು ಹೋಗಬೇಡಿ. ಪುಟದ ಸಮೇತ ಸ್ಕ್ಯಾನ್ ಮಾಡಿ. ಮೂಲ ಫೋಟೋದ ಮೇಲೆ ಬಾಲ್‌ಪೆನ್ನಿನಿಂದ ಏನನ್ನೂ ಬರೆಯಬೇಡಿ.

ಹಿರಿಯರನ್ನು ಕೇಳುವ ರೀತಿ

ಹಿರಿಯರ ಮುಂದೆ ಕುಳಿತು ‘ಇವರು ಯಾರು?’ ಎಂದು ಒಂದೇ ಸಮನೆ ಕೇಳಿದರೆ ಅವರಿಗೆ ಬೇಸರವಾಗುತ್ತದೆ. ‘ಇದು ಯಾರ ಮನೆಯ ಅಂಗಳ? ಈ ಮದುವೆಯ ಬಿರಿಯಾನಿ ಮಾಡಿದವರು ಯಾರು?’ ಎಂದು ಕೇಳಿ ನೋಡಿ, ಹೆಸರುಗಳು ತಾವಾಗಿಯೇ ಬರುತ್ತವೆ. ಕಣ್ಣು ಮಂಜಾದವರಿಗೆ ಫೋಟೋವನ್ನು ಟಿವಿ ಪರದೆಯ ಮೇಲೆ ದೊಡ್ಡದಾಗಿ ತೋರಿಸಬಹುದು. ಅವರ ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಿ.

ಗುಂಪು ಫೋಟೋದಲ್ಲಿ ನೋಡುವವರ ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಬರೆಯಬೇಕು. ಗುರುತು ಸಿಗದವರನ್ನು ಬಿಟ್ಟು ಮುಂದೆ ಹೋಗಬಾರದು. ‘ಹಿಂದಿನ ಸಾಲು, ಮೂರನೆಯವರು: ತಿಳಿದಿಲ್ಲ’ ಎಂದೇ ಬರೆಯಿರಿ. ಇಲ್ಲವಾದರೆ ಅವರ ನಂತರದ ಎಲ್ಲ ಹೆಸರುಗಳೂ ಒಂದೊಂದು ಸ್ಥಾನ ಸರಿದುಹೋಗುತ್ತವೆ. ಹೆಸರು ಹೇಳಿದವರು ಯಾರು, ಯಾವ ವರ್ಷ ಹೇಳಿದರು ಎಂಬುದನ್ನೂ ಬರೆಯಿರಿ. ಇಬ್ಬರು ಹಿರಿಯರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಿರಿ. ತೀರ್ಪು ಕೊಡುವ ಅವಸರ ಬೇಡ.

ಕಾಪಾಡುವುದು, ಹಂಚುವುದು

ಹೆಸರುಗಳು ಫೈಲಿನಲ್ಲೇ ಇರಬೇಕು, ಯಾವುದೋ ಆ್ಯಪಿನಲ್ಲಿ ಮಾತ್ರ ಇದ್ದರೆ ಸಾಲದು. ಆರ್ಕುಟ್ 2014ರಲ್ಲಿ ಮುಚ್ಚಿತು. ಪಿಕಾಸಾವನ್ನು ಗೂಗಲ್ 2016ರಲ್ಲಿ ಕೈಬಿಟ್ಟಿತು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಖಾತೆಯವರು ತೀರಿಕೊಂಡು, ಪಾಸ್‌ವರ್ಡ್ ಯಾರಿಗೂ ತಿಳಿಯದಿದ್ದರೆ ಏನಾಗಬಹುದೆಂದು ಯೋಚಿಸಿ. ಆದ್ದರಿಂದ ಮೂರು ಪ್ರತಿಗಳಿರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಬಂಧುವಿನ ಮನೆಯಲ್ಲಿ. ಮುಖ್ಯವಾದ ಐವತ್ತು ಫೋಟೋಗಳನ್ನು ಹೆಸರು ಸಮೇತ ಮುದ್ರಿಸಿ ಇಟ್ಟರೆ ಇನ್ನೂ ಒಳ್ಳೆಯದು. ಕಾಗದಕ್ಕೆ ಪಾಸ್‌ವರ್ಡ್ ಬೇಕಾಗಿಲ್ಲ.

ಫೋಟೋ ತೆಗೆಸಿಕೊಳ್ಳುವ ವಿಷಯದಲ್ಲಿ ನಮ್ಮ ಹಿರಿಯರಲ್ಲಿ ಹಲವರಿಗೆ ಸಂಕೋಚವಿತ್ತು, ಇಂದಿಗೂ ಕೆಲವರಿಗಿದೆ. ಅದನ್ನು ಗೌರವಿಸಬೇಕು. ಹೆಣ್ಣುಮಕ್ಕಳ ಫೋಟೋಗಳನ್ನು ಅವರ ಅಥವಾ ಅವರ ಮನೆಯವರ ಒಪ್ಪಿಗೆ ಇಲ್ಲದೆ ಗ್ರೂಪುಗಳಿಗೆ, ಸ್ಟೇಟಸ್ಸಿಗೆ ಹಾಕಬಾರದು. ಸಂಗ್ರಹಿಸುವುದು ಬೇರೆ, ಪ್ರಚಾರ ಮಾಡುವುದು ಬೇರೆ. ಫೋಟೋ ಇಲ್ಲದವರಿಗೂ ನಮ್ಮ ಸಂಗ್ರಹದಲ್ಲಿ ಸ್ಥಾನವಿರಬೇಕು. ಅವರ ನಿಕಾಹ್‌ನಾಮಾ, ಪಡಿತರ ಚೀಟಿ, ಒಂದು ಪತ್ರದ ಕೈಬರಹ, ಏನೂ ಇಲ್ಲದಿದ್ದರೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು, ಇಷ್ಟಾದರೂ ಇರಲಿ.

ಪ್ರೀತಿಯ ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ನಿಮಗಿಂತ ಯೋಗ್ಯರು ಬೇರೆ ಇಲ್ಲ. ಮೊಬೈಲು ಬಳಸುವುದು ನಿಮಗೆ ಗೊತ್ತು, ಹೆಸರುಗಳು ನಿಮ್ಮ ಹಿರಿಯರಿಗೆ ಗೊತ್ತು. ಸಾವಿರ ಫೋಟೋಗಳನ್ನು ನೋಡಿ ಹೆದರಬೇಡಿ. ಈ ರಜೆಯಲ್ಲಿ ಮನೆಯ ಅತಿ ಹಿರಿಯರ ಬಳಿ ಕುಳಿತು ಹತ್ತೇ ಹತ್ತು ಫೋಟೋಗಳಿಗೆ ಹೆಸರು ಬರೆಯಿರಿ. ಮೊದಲ ಫೋಟೋ ಮನೆಯ ಹೆಂಗಸರದ್ದಾಗಿರಲಿ. ಪಾಲಕರು ಈ ಕೆಲಸಕ್ಕೆ ಪ್ರೋತ್ಸಾಹ ನೀಡಬೇಕೆಂದು ವಿನಂತಿಸುತ್ತೇನೆ.