ಅಜ್ಜಿಯ ಕರೇ ಸೀರೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



"ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಪ್ಪ" ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಕ್ಷಮಿಸಬೇಕು ಸರ್, ನಾನು ಒಂದು ಸೀರೆಯ ಬಗ್ಗೆ ಹೇಳುತ್ತೇನೆ. ಕಂಪ್ಯೂಟರ್ ನಡುವೆ ಬರುತ್ತದೆ.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ, ಮೊದಲ ಸಂಬಳದಲ್ಲಿ ಗೌರಿ ಹಬ್ಬಕ್ಕೆಂದು ಅಜ್ಜಿಗೆ ಒಂದು ಸೀರೆ ತಂದೆ. ಕಡು ನೀಲಿ, ಸಣ್ಣ ಜರಿ ಅಂಚು. ಅಜ್ಜಿ ಬಿಚ್ಚಿ ನೋಡಿ, "ಇದ್ಯಾಕ್ಲಾ ಮಗ, ಹಬ್ಬಕ್ಕೆ ಕರೇ ಸೀರೆ ತಂದಿದ್ದೀಯ?" ಎಂದಳು. ಕರಿಯಲ್ಲ ಅಜ್ಜಿ, ನೀಲಿ ಎಂದೆ. ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದೆ. ಪಕ್ಕದಲ್ಲಿ ನನ್ನ ಕಪ್ಪು ಬ್ಯಾಗ್ ಇಟ್ಟು, ಎರಡೂ ಒಂದೇನಾ ಹೇಳು ಎಂದೆ. "ಒಂದೇ ಅಲ್ಲ ಕಣ್ಲಾ, ನಂಗೇನ್ ಕಣ್ಣಿಲ್ವಾ? ಅದು ಬೇರೆ ಕರಿ, ಇದು ಬೇರೆ ಕರಿ" ಎಂದಳು. ಪೊರೆ ಬಂದಿರಬೇಕೆಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಹಾಗಾದರೆ ಓದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿ, ನಾಲ್ಕು ಜನರ ಮುಂದೆ ಹೇಳಿಕೊಂಡು ನಕ್ಕೆ. ಸೀರೆ ಟ್ರಂಕು ಸೇರಿತು.

ಕೆಲವು ವರ್ಷಗಳಾದ ಮೇಲೆ ಬಟ್ಟೆ ಮಾರುವ ಒಂದು ಆ್ಯಪ್‌ನ ಕೆಲಸ ನನ್ನ ಪಾಲಿಗೆ ಬಂತು. ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕು, ತಲಾ 256 ಹಂತ. ಗುಣಿಸಿದರೆ 1,67,77,216 ಬಣ್ಣ. ಅಷ್ಟಕ್ಕೂ ಸಂಖ್ಯೆ ಇದೆ, ಹೆಸರಿಲ್ಲ. ಗಿರಾಕಿ ಸಂಖ್ಯೆ ಹೇಳಿ ಲಂಗ ಕೇಳುವುದಿಲ್ಲವಲ್ಲ! ಹಾಗಾಗಿ ಬಣ್ಣಗಳ ಕನ್ನಡ ಪಟ್ಟಿ ಬೇಕಾಯಿತು. ನೇವಿ ಬ್ಲೂ, ಸ್ಕೈ ಬ್ಲೂ ಎರಡಕ್ಕೂ ನೀಲಿ ಎಂದೇ ಬರೆದೆ. ರಷ್ಯಾದವರು ನೋಡಿದ್ದರೆ ನಕ್ಕಿರುತ್ತಿದ್ದರು. ಅವರಿಗೆ ತಿಳಿ ನೀಲಿ 'ಗಲುಬೋಯ್', ಕಡು ನೀಲಿ 'ಸೀನಿ'. ನಮಗೆ ಕೆಂಪು ಬೇರೆ ಗುಲಾಬಿ ಬೇರೆ ಇದ್ದಂತೆ ಅವು ಎರಡು ಬಣ್ಣ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎರಡು ನೀಲಿ ಚೌಕಗಳು ಆ ಹೆಸರುಗಳ ಗಡಿಯ ಆಚೆ ಈಚೆ ಇದ್ದಾಗ ರಷ್ಯನ್ ಭಾಷಿಕರು ವ್ಯತ್ಯಾಸವನ್ನು ಬೇಗ ಗುರುತಿಸಿದರು. ಇಂಗ್ಲಿಷ್ ಭಾಷಿಕರಲ್ಲಿ ಅಂಥ ಅನುಕೂಲ ಕಾಣಲಿಲ್ಲ. ಬೇಗ ಎಂದರೆ ಸೆಕೆಂಡಿನ ಒಂದು ಚೂರು ಅಷ್ಟೆ. ವ್ಯತ್ಯಾಸ ಕಂಡದ್ದು ಇಬ್ಬರಿಗೂ.

ಆಗ ಅಜ್ಜಿಯ ಸೀರೆ ನೆನಪಾಯಿತು. ಓದುತ್ತಾ ಹೋದಾಗ ರಿವರ್ಸ್ ಎಂಬ ಇಂಗ್ಲಿಷ್ ವೈದ್ಯರು ಸಿಕ್ಕಿದರು. 1898ರಲ್ಲಿ ಕೇಂಬ್ರಿಜ್‌ನಿಂದ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋದ ತಂಡದಲ್ಲಿ ಅವರಿದ್ದರು. ಅಲ್ಲಿಯ ಜನ ಹೊಳೆಯುವ ನೀಲಿ ಆಕಾಶಕ್ಕೂ ಕಪ್ಪಿಗೂ ಒಂದೇ ಪದ ಬಳಸುವುದು ಕಂಡು ಬೆರಗಾದರು. ಬಣ್ಣದ ಗಾಜುಗಳ ಉಪಕರಣ ಇಟ್ಟು ಪರೀಕ್ಷೆ ಮಾಡಿ, ಇವರ ಕಣ್ಣಿಗೆ ನೀಲಿ ಸ್ವಲ್ಪ ಮಂಕಾಗಿ ಕಾಣುತ್ತಿರಬೇಕು ಎಂದು ಬರೆದರು. ಓದಿ ನನಗೆ ನಾಚಿಕೆಯೂ ಆಯಿತು, ಸ್ವಲ್ಪ ಸಮಾಧಾನವೂ ಆಯಿತು. ಅಷ್ಟು ದೊಡ್ಡ ವಿದ್ವಾಂಸರೂ ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೇ ಕರೆದುಕೊಂಡು ಹೋಗಿದ್ದರು!

1969ರಲ್ಲಿ ಅಮೆರಿಕದ ಬರ್ಲಿನ್ ಮತ್ತು ಕೇ ಎಂಬ ಇಬ್ಬರು 98 ಭಾಷೆಗಳ ಬಣ್ಣದ ಪದಗಳನ್ನು ಹೋಲಿಸಿದರು. ಎರಡೇ ಪದವಿರುವ ಭಾಷೆಯಲ್ಲಿ ಅವು ಕಪ್ಪು, ಬಿಳುಪು. ಮೂರನೆಯದು ಕೆಂಪು. ಆಮೇಲೆ ಹಸಿರು, ಹಳದಿ. ನೀಲಿಯ ಸರದಿ ಅದರ ನಂತರ. ಈ ಕ್ರಮವನ್ನು ಒಪ್ಪದವರೂ ಇದ್ದಾರೆ, ಆ ಇಬ್ಬರೂ ಮುಂದೆ ತಿದ್ದಿಕೊಂಡಿದ್ದಾರೆ. ನನಗೆ ಮಾತ್ರ ಇದನ್ನು ಓದಿದಾಗ ಕಂಡದ್ದು ಇದೇ ಶಾಲೆಯ ಕರಿಹಲಗೆ. ಕನ್ನಡ ಮೇಷ್ಟ್ರು ಕರ್ಮಧಾರಯ ಸಮಾಸಕ್ಕೆ ಉದಾಹರಣೆ ಬರೆಸುತ್ತಿದ್ದರಲ್ಲ: ಕೆಂದಾವರೆ, ಕೆಮ್ಮಣ್ಣು, ಕಗ್ಗಲ್ಲು, ಬೆಳ್ಮುಗಿಲು. ಕೆಂಪು, ಕಪ್ಪು, ಬಿಳುಪು ಎಂಬ ಹಳೆಯ ಮೂರು ಪದಗಳು ಮುಂದಿನ ಪದದೊಳಗೆ ಹೀಗೆ ಕರಗಿ ಹೋಗುತ್ತವೆ. ನೀಲಿಯನ್ನು ಹೀಗೆ ಕರಗಿಸಿ ನೋಡಿ, ಆಗುವುದಿಲ್ಲ. ಅದು ಸಂಸ್ಕೃತದಿಂದ ಬಂದದ್ದು. ನೇರಳೆ, ಕಿತ್ತಳೆ ಹಣ್ಣಿನಿಂದ, ಬೂದು ಒಲೆಯ ಬೂದಿಯಿಂದ, ಗುಲಾಬಿ ಪಾರ್ಸಿಯಿಂದ. ನೀಲಿಗೆ ಬೇರೆ ಹೆಸರು ಬೇಕಿಲ್ಲದ ಮಾತಿನಲ್ಲಿ ಅದು ಕಪ್ಪಿನ ಜೊತೆಗೋ ಹಸಿರಿನ ಜೊತೆಗೋ ಇರುತ್ತದೆ. ಅಜ್ಜಿಯ ಮಾತಿನಲ್ಲಿ ಕರಿಯ ಜೊತೆಗಿತ್ತು.

ಹಸಿರಿನದು ಇನ್ನೂ ಸೊಗಸು. ಫಿಲಿಪೀನ್ಸ್‌ನ ಮಿಂಡೋರೋ ದ್ವೀಪದಲ್ಲಿ ಹನುನೂ ಎಂಬ ಜನರಿದ್ದಾರೆ. ಕಾಂಕ್ಲಿನ್ ಎಂಬ ಸಂಶೋಧಕರು ಅವರ ಬಣ್ಣದ ಮಾತುಗಳ ಬಗ್ಗೆ 1955ರಲ್ಲಿ ಬರೆದರು. ಅವರಿಗೆ ಮುಖ್ಯವಾದ ಪದ ನಾಲ್ಕೇ. ಆಗತಾನೇ ಕಡಿದ ಬಿದಿರಿನ ಒದ್ದೆ ತುಂಡು ಕಂದಾಗಿದ್ದರೂ ಅದಕ್ಕೆ ಹಸಿರಿನ ಪದವನ್ನೇ ಹೇಳುತ್ತಾರೆ. ಏಕೆಂದರೆ ಆ ಪದದಲ್ಲಿ ಬಣ್ಣದ ಜೊತೆಗೆ ಹಸಿತನವೂ ಇದೆ. ನಮಗೆ ಇದೇನೂ ವಿಚಿತ್ರವಲ್ಲ. ಹಸಿರು ಹುಟ್ಟಿದ್ದೇ ಹಸಿ ಎಂಬುದರಿಂದ. ಸಂತೆಯಲ್ಲಿ ಹಸಿರು ಮೆಣಸಿನಕಾಯಿ ಎಂದು ಯಾರೂ ಕೇಳುವುದಿಲ್ಲ, ಹಸಿಮೆಣಸಿನಕಾಯಿ ಎನ್ನುತ್ತೇವೆ. ಹಸಿ ಸೌದೆ ಕಂದು, ಹಸಿ ಗಾಯ ಕೆಂಪು.

ಇನ್ನು ಅಜ್ಜಿಯ ಕೊಟ್ಟಿಗೆ. ನನ್ನ ಕಣ್ಣಿಗೆ ಅಲ್ಲಿದ್ದವು ಮೂರು ಬ್ರೌನ್ ಹಸುಗಳು. ಅಜ್ಜಿಗೆ ಒಂದು ಕೆಂದ, ಒಂದು ಕಂದು, ಒಂದು ಕೌಲೆ. ದನ ತಪ್ಪಿಸಿಕೊಂಡರೆ ಆಚೆ ಹೊಲದವರಿಗೆ ಆ ಒಂದು ಮಾತು ಹೇಳಿದರೆ ಸಾಕು, ಇಂಥದ್ದೇ ಎಂದು ಅವರು ಹಿಡಿದು ಕಟ್ಟಿರುತ್ತಿದ್ದರು. ಕೌಲೆ ಎಲ್ಲಿ ಮುಗಿದು ಕೆಂದ ಎಲ್ಲಿ ಶುರುವಾಗುತ್ತದೆ ಎಂದು ನಾನು ಕೇಳಿಕೊಳ್ಳಲೇ ಇಲ್ಲ. ಇಷ್ಟೆಲ್ಲ ಓದಿ ತಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಆ ಸೀರೆಯನ್ನು ಒಂದು ದಿನವೂ ಉಡಲಿಲ್ಲ.

ಇವತ್ತು ಊಟದ ಶಾಮಿಯಾನದ ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಂತಿರುತ್ತೇನೆ. ದನ, ಕುರಿ, ಕೋಳಿ, ಮಣ್ಣು, ರಾಗಿ, ಸೀರೆ ಯಾವುದರ ಬಣ್ಣದ ಹೆಸರು ನೆನಪಿದ್ದರೂ ಹಿರಿಯರು ದಯಮಾಡಿ ಹೇಳಿ, ಬರೆದುಕೊಳ್ಳುತ್ತೇನೆ. ಕೌಲೆ ಹಸು ಯಾರ ಮನೆಯಲ್ಲಾದರೂ ಇದ್ದರೆ, ಸಂಜೆ ಬಸ್ ಹತ್ತುವ ಮೊದಲು ಬಂದು ನೋಡಿಕೊಂಡು ಹೋಗುತ್ತೇನೆ.